ತಮ್ಮನ ಹಡಗಿನ ವೇಗ

ಅಮ್ಮ ಶಿರಸಿಯ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ ನನ್ನ ಲ್ಯಾಪ್‌ಟಾಪ್ ಅವಳ ಮಂಚದ ಪಕ್ಕದ ಸಣ್ಣ ಕಪಾಟಿನ ಮೇಲೇ ಇರುತ್ತಿತ್ತು. ನರ್ಸ್ ಬಂದಾಗಲೆಲ್ಲ ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ರಜೆ ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದರು ಕೂಡ. ಆದರೆ ನಾನು ನೋಡಿಕೊಳ್ಳುತ್ತಿದ್ದ ಹಡಗುಗಳಲ್ಲಿ ಒಂದರಲ್ಲಿ ನನ್ನ ತಮ್ಮನಿದ್ದ. ಅದು ಎಲ್ಲಿಗೆ ಬಂತು ಎಂದು ಗಂಟೆಗೊಮ್ಮೆ ನೋಡಿ ಅಮ್ಮನಿಗೆ ಹೇಳಬಹುದಲ್ಲ ಎಂಬ ಆಸೆಯಿಂದ ರಜೆ ಕೇಳಲಿಲ್ಲ.

ನಾನು ಹಡಗಿನ ಎಂಜಿನಿಯರ್. ಆದರೆ ಸಮುದ್ರದ ಮೇಲೆ ಕೆಲಸ ಮಾಡಿದವಳಲ್ಲ. ಈಗಿನ ಹಡಗುಗಳಲ್ಲಿ ಎಂಜಿನ್ನಿನ ಮೈತುಂಬ ಸೆನ್ಸರುಗಳಿರುತ್ತವೆ. ಎಲ್ಲಿ ಎಷ್ಟು ಬಿಸಿ, ಎಲ್ಲಿ ಎಷ್ಟು ನಡುಕ, ಎಣ್ಣೆಯಲ್ಲಿ ನೀರು ಸೇರಿದೆಯೇ ಎಂಬುದೆಲ್ಲ ಉಪಗ್ರಹದ ಮೂಲಕ ದಡಕ್ಕೆ ಬರುತ್ತಲೇ ಇರುತ್ತದೆ. ಅದನ್ನು ನೋಡಿ, ಏನಾದರೂ ಕೆಡುವ ಮೊದಲೇ ಎಚ್ಚರಿಸುವುದು ನನ್ನ ಕೆಲಸ. ಮೊದಲು ಕರಾವಳಿಯ ನಗರದ ಕಚೇರಿಯಲ್ಲಿ ಕೂತು ಮಾಡುತ್ತಿದ್ದೆ. ಮದುವೆಯಾಗಿ ಶಿರಸಿಗೆ ಬಂದಮೇಲೆ ಮನೆಯಿಂದಲೇ ಮಾಡಲು ಒಪ್ಪಿದರು. ಮಾರಿಕಾಂಬೆಯ ಊರಿನಲ್ಲಿ ಕೂತು ಅರಬ್ಬಿ ಸಮುದ್ರದ ಹಡಗು ನೋಡುತ್ತೇನೆ ಎಂದರೆ ನೆರೆಯವರು ಈಗಲೂ ನಗುತ್ತಾರೆ.

ತಮ್ಮ ಹಾಗಲ್ಲ. ಅವನು ನಿಜವಾಗಿ ಹಡಗಿನ ಹೊಟ್ಟೆಯೊಳಗೆ ಇರುವವನು, ಸೆಕೆಂಡ್ ಎಂಜಿನಿಯರ್. ಅಡುಗೆ ಅನಿಲ ತರುವ ಟ್ಯಾಂಕರಿನಲ್ಲಿ ಇದ್ದ. ನಾವಿಬ್ಬರೂ ಈ ಕೆಲಸಕ್ಕೆ ಬಂದದ್ದು ಯಲ್ಲಾಪುರದ ಹೆದ್ದಾರಿಯ ಮೇಲಿನ ಅಮ್ಮನ ಖಾನಾವಳಿಯಿಂದ. ಮರದ ದಿಮ್ಮಿ ಸಾಗಿಸುವ ನಾಟಾ ಲಾರಿ ಓಡಿಸುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಅಮ್ಮ ಅದನ್ನು ಹಾಕಿದಳು. ಅರಬೈಲ್ ಘಟ್ಟ ಇಳಿಯುವ ಮೊದಲು ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಡ್ರೈವರುಗಳು ಊಟಕ್ಕೆ ಕೂತರೆ ನನ್ನ ತಮ್ಮ ಅವರ ಲಾರಿಗಳ ಅಡಿಯಲ್ಲಿ ನುಸುಳಿ ನೋಡುತ್ತಿರುತ್ತಿದ್ದ. ನಾನು ಬಡಿಸುತ್ತ ಅವರ ಮಾತು ಕೇಳುತ್ತಿದ್ದೆ. ಯಾವ ಲಾರಿಯ ಯಾವ ಭಾಗ ಎಲ್ಲಿ ಕೈಕೊಟ್ಟಿತು ಎಂಬುದೇ ಅವರಿಗೆ ಮಾತು. ತಮ್ಮ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ನಾನು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೆ. ಅವನನ್ನು ಮೆರೈನ್ ಎಂಜಿನಿಯರಿಂಗಿಗೆ ಸೇರಿಸಿದವಳೂ ನಾನೇ.

ಅಮ್ಮನಿಗೆ ಕರುಳಿನ ಕಾಯಿಲೆ. ಗೊತ್ತಾಗುವಾಗಲೇ ತಡವಾಗಿತ್ತು. ಹುಬ್ಬಳ್ಳಿಯ ವೈದ್ಯರು ಇನ್ನು ಮನೆಯ ಹತ್ತಿರ ಇಟ್ಟುಕೊಳ್ಳಿ ಎಂದಮೇಲೆ ಶಿರಸಿಗೆ ತಂದೆವು. ತಮ್ಮನಿಗೆ ಹೇಳಿದೆ. ಅವನ ಹಡಗು ಗಲ್ಫಿನಲ್ಲಿ ಅನಿಲ ತುಂಬಿಕೊಂಡು ಮಂಗಳೂರಿಗೆ ಹೊರಟಿತ್ತು. ಮಂಗಳೂರಿನಲ್ಲಿ ಅವನನ್ನು ಇಳಿಸಿ ಬದಲಿಗೆ ಬೇರೆಯವರನ್ನು ಹತ್ತಿಸಲು ಕಚೇರಿ ಒಪ್ಪಿತು. ಅಲ್ಲಿಂದ ಕುಮಟಾ, ದೇವಿಮನೆ ಘಟ್ಟ, ಶಿರಸಿ. ಇಳಿದ ದಿನವೇ ಅಮ್ಮನ ಮುಂದೆ ಬಂದು ನಿಲ್ಲಬಹುದಿತ್ತು.

"ಅವ ಎಲ್ಲಿವರೆಗೆ ಬಂದ?" ಎಂದು ಅಮ್ಮ ಕಣ್ಣು ಬಿಟ್ಟಾಗೆಲ್ಲ ಕೇಳುತ್ತಿದ್ದಳು.

ನಾನು ಪರದೆಯನ್ನು ಅವಳ ಕಡೆ ತಿರುಗಿಸುತ್ತಿದ್ದೆ. ನೀಲಿಯ ಮೇಲೆ ಒಂದು ಹಸಿರು ಚುಕ್ಕೆ.

"ಇಷ್ಟು ನಿಧಾನ ಹೋಗ್ತದ್ಯಾ? ಲಾರಿಯಾದ್ರೂ ಮುಟ್ತಿತ್ತು," ಎಂದು ಒಮ್ಮೆ ಅಂದಳು. ನಕ್ಕಿದ್ದಕ್ಕೆ ನೋವಾಗಿ ಹೊಟ್ಟೆ ಹಿಡಿದುಕೊಂಡಳು.

ಗುರುವಾರ ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸಿ ಕೈ ತೊಳೆದು ಬಂದು ನೋಡುತ್ತೇನೆ, ತಮ್ಮನ ಹಡಗಿನ ಹಿಂಬದಿಯ ಬೇರಿಂಗಿನ ಬಿಸಿ ಏರುತ್ತಿತ್ತು.

ಆ ಬೇರಿಂಗಿನ ವಿಷಯ ಸ್ವಲ್ಪ ಹೇಳಬೇಕು. ಎಂಜಿನ್ನಿನಿಂದ ಹೊರಟ ದಪ್ಪ ಉಕ್ಕಿನ ದಂಡ ಹಡಗಿನ ಹಿಂಭಾಗವನ್ನು ತೂರಿ ಹೊರಗೆ ಹೋಗಿ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಅದು ಹೊರಗೆ ಹೋಗುವಲ್ಲಿ ಎಣ್ಣೆಯಲ್ಲಿ ಮುಳುಗಿದ ಬೇರಿಂಗ್ ಇರುತ್ತದೆ. ಹೊಸ ಹಡಗುಗಳಲ್ಲಿ ಇಂಧನ ಉಳಿಸಲು ಪ್ರೊಪೆಲ್ಲರನ್ನು ದೊಡ್ಡದು ಮಾಡಿ ನಿಧಾನ ತಿರುಗಿಸುತ್ತಾರೆ. ಸೋರಿದರೂ ಮೀನುಗಳಿಗೆ ಕೇಡಾಗದಂಥ ಹೊಸ ಎಣ್ಣೆ ಹಾಕುತ್ತಾರೆ. ಎರಡೂ ಒಳ್ಳೆಯ ಬದಲಾವಣೆಗಳೇ. ಆದರೆ ದೊಡ್ಡ ಪ್ರೊಪೆಲ್ಲರಿನ ಭಾರವೆಲ್ಲ ಆ ಬೇರಿಂಗಿನ ತುದಿಯ ಮೇಲೆ ಬೀಳುತ್ತದೆ. ನೀರು ಸೇರಿದರೆ ಹೊಸ ಎಣ್ಣೆ ಬೇಗ ಕೆಡುತ್ತದೆ. ಬೇರಿಂಗ್ ಸವೆದು ದಂಡ ಹಿಡಿದುಕೊಂಡರೆ ಹಡಗು ನಡುಸಮುದ್ರದಲ್ಲಿ ನಿಂತಂತೆಯೇ. ಸಮುದ್ರದ ಮೇಲೆ ಅದನ್ನು ಬಿಚ್ಚಿ ನೋಡಲು ಬರುವುದಿಲ್ಲ.

ಬಿಸಿ ಇನ್ನೂ ಅಲಾರಾಂ ಹೊಡೆಯುವ ಮಟ್ಟಕ್ಕೆ ಹೋಗಿರಲಿಲ್ಲ. ಆದರೆ ದಂಡದ ನಡುಕವೂ ಹೆಚ್ಚಿತ್ತು. ಎಣ್ಣೆಯಲ್ಲಿ ನೀರಿನ ಅಂಶ ಬೆಳಗಿನಿಂದ ಸ್ವಲ್ಪ ಸ್ವಲ್ಪವೇ ಏರುತ್ತ ಬಂದಿತ್ತು. ಮೂರೂ ಒಂದೇ ಕಥೆ ಹೇಳುತ್ತಿದ್ದವು. ಬೇರೆ ಯಾವ ಹಡಗಾಗಿದ್ದರೂ ನಾನು ಯೋಚಿಸುತ್ತಿರಲಿಲ್ಲ. ಅಂದು ಅಮ್ಮನ ಮುಖ ನೋಡಿದೆ. ನಿದ್ದೆ ಹೋಗಿದ್ದಳು. ವೇಗ ಇಳಿಸಿದರೆ ಹಡಗು ಎಷ್ಟು ತಡವಾಗುತ್ತದೆ ಎಂಬ ಲೆಕ್ಕ ಆಗಲೇ ತಲೆಯಲ್ಲಿ ಓಡಿತ್ತು. ಶನಿವಾರ ಮುಟ್ಟಬೇಕಿದ್ದದ್ದು ಸೋಮವಾರ ಮುಟ್ಟುತ್ತದೆ, ಬಹುಶಃ ಇನ್ನೂ ಸ್ವಲ್ಪ ತಡ. ಅಮ್ಮನಿಗೆ ಅಷ್ಟು ದಿನಗಳಿಲ್ಲ ಎಂದು ವೈದ್ಯರು ಬೆಳಿಗ್ಗೆಯೇ ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಆದರೂ ಬರೆದೆ. ವೇಗ ಇಳಿಸಿ, ಚುಕ್ಕಾಣಿಯನ್ನು ಜೋರಾಗಿ ತಿರುಗಿಸಬೇಡಿ, ತೀರ ನಿಧಾನವೂ ಬೇಡ, ಎಣ್ಣೆಯ ಪದರ ಹರಿದೀತು. ಕಚೇರಿಯ ಮೇಲಧಿಕಾರಿ ಅದನ್ನು ಹಡಗಿಗೆ ಕಳಿಸಿದರು. ಅವರಿಗೆ ನನ್ನ ಅಮ್ಮನ ವಿಷಯ ಗೊತ್ತಿತ್ತು. "ನೀವು ಬೇಕಾದರೆ ಇದನ್ನು ಬೇರೆಯವರಿಗೆ ಬಿಡಿ," ಎಂದರು. ಬೇಡ, ನಾನೇ ನೋಡುತ್ತೇನೆ ಎಂದೆ. ಬಿಡಬೇಕಿತ್ತು.

ಅರ್ಧ ಗಂಟೆ ಕಳೆಯಿತು. ದಂಡ ತಿರುಗುವ ವೇಗ ಇಳಿಯಲಿಲ್ಲ. ಒಂದು ಗಂಟೆ ಕಳೆಯಿತು, ಇಳಿಯಲಿಲ್ಲ. ಹಡಗಿನಿಂದ ಉತ್ತರ ಬಂತು: ಬೇರಿಂಗಿನ ಸೆನ್ಸರ್ ಹಿಂದೆಯೂ ತಪ್ಪು ತೋರಿಸಿದೆ, ಎಣ್ಣೆ ತೆಗೆದು ಕೈಯಿಂದ ಪರೀಕ್ಷಿಸಿದ್ದೇವೆ, ತೊಂದರೆ ಕಾಣುವುದಿಲ್ಲ, ಇದೇ ವೇಗದಲ್ಲಿ ಮುಂದುವರಿಯುತ್ತೇವೆ.

ಕೆಳಗೆ ಚೀಫ್ ಎಂಜಿನಿಯರ್ ಹೆಸರಿತ್ತು. ಆದರೆ ಪರೀಕ್ಷೆ ಮಾಡಿ ಚೀಫ್‌ಗೆ ಹೇಳುವವನು ಸೆಕೆಂಡ್ ಎಂಜಿನಿಯರ್. ಓದುತ್ತಿದ್ದಂತೆಯೇ ಇದು ತಮ್ಮನ ಮಾತು ಎಂದು ಗೊತ್ತಾಯಿತು. ಅವನು ಸುಳ್ಳು ಹೇಳುವಾಗ ಕಾರಣಗಳನ್ನು ಒಂದರ ಮೇಲೊಂದು ಪೇರಿಸುತ್ತಾನೆ. ಶಾಲೆಗೆ ಚಕ್ಕರ್ ಹೊಡೆದು ಬಂದಾಗಲೂ ಹಾಗೆಯೇ.

ಆಗ ಸುಮ್ಮನಿರಬಹುದಿತ್ತು. ನನ್ನ ಎಚ್ಚರಿಕೆ ಕೊಟ್ಟಾಗಿತ್ತು. ಇನ್ನು ಹಡಗಿನವರ ನಿರ್ಧಾರ. ನಾಳೆ ಏನಾದರೂ ಆದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಅಮ್ಮ ಶನಿವಾರ ಮಗನ ಮುಖ ನೋಡುತ್ತಿದ್ದಳು. ಬೆರಳು ಕೀಲಿಗಳ ಮೇಲಿಟ್ಟುಕೊಂಡು ಕೂತೇ ಇದ್ದೆ. ಪಕ್ಕದ ಮಂಚದ ಅಜ್ಜಿಯ ಮಗಳು, "ಎಂತ ಅಕ್ಕ, ಹುಷಾರಿಲ್ವಾ? ಮುಖ ಬೆಳ್ಳಗಾಗ್ಯದೆ," ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ.

ಹೊಟ್ಟೆತುಂಬ ಅನಿಲ ತುಂಬಿಕೊಂಡ ಹಡಗು. ಒಳಗೆ ಇಪ್ಪತ್ತಕ್ಕೂ ಹೆಚ್ಚು ಜನ, ತಮ್ಮನೂ ಸೇರಿ. ಅದು ನಿಂತು ಅಲೆಯ ಮೇಲೆ ತೇಲಿಹೋಗುವುದನ್ನು ನೆನೆಸಿಕೊಂಡೆ. ಮತ್ತೆ ಬರೆದೆ. ಈ ಸಲ ಮೂರೂ ಸೆನ್ಸರುಗಳ ಗ್ರಾಫಿನ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು, ಒಂದು ಕೆಟ್ಟಿದ್ದರೆ ಉಳಿದೆರಡು ಹೀಗೆ ಏರುತ್ತಿರಲಿಲ್ಲ ಎಂದು ತೋರಿಸಿದೆ. ಸೆನ್ಸರ್ ಕೆಟ್ಟಿಲ್ಲ, ಹಡಗಿನಲ್ಲಿ ಮಾಡಿದ ಪರೀಕ್ಷೆಯನ್ನು ನಂಬಬೇಡಿ ಎಂದೂ ಸೇರಿಸಿದೆ. ಆ ಕೊನೆಯ ಸಾಲು ಬೇಕಿರಲಿಲ್ಲ. ಅದಿಲ್ಲದೆಯೂ ಗೆರೆಗಳು ಸಾಕಿದ್ದವು. ಸಿಟ್ಟಿನಲ್ಲಿ ಬರೆದೆ, ಅಮ್ಮನನ್ನು ಅಷ್ಟು ಹಚ್ಚಿಕೊಂಡವನು ತಾನೊಬ್ಬನೇ ಎಂಬಂತೆ ಅವನು ನಡೆದುಕೊಂಡನಲ್ಲ ಎಂಬ ಸಿಟ್ಟು.

ಸಂಜೆಯ ಹೊತ್ತಿಗೆ ವೇಗ ಇಳಿಯಿತು. ಬಿಸಿ ಏರುವುದು ನಿಂತು, ಒಂದೆರಡು ಡಿಗ್ರಿ ಕೆಳಗೆ ಬಂತು. ಚುಕ್ಕೆ ಮಾತ್ರ ಇದ್ದಲ್ಲೇ ಇದ್ದಂತೆ ಕಾಣತೊಡಗಿತು.

ಅಮ್ಮ ಎಚ್ಚರಾಗಿ ಮತ್ತೆ ಕೇಳಿದಳು. "ಎಲ್ಲಿವರೆಗೆ ಬಂದ?"

"ಹತ್ತಿರ ಬಂದ ಅಮ್ಮ."

"ತೋರ್ಸು."

"ನೆಟ್‌ವರ್ಕ್ ಇಲ್ಲ ಈಗ," ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಕೇಳಲಿಲ್ಲ. ಶುಕ್ರವಾರವೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಕೇಳದೆ ಇದ್ದದ್ದು ಅದಕ್ಕಿಂತ ಕಷ್ಟವಾಯಿತು.

ಶನಿವಾರ ಮಧ್ಯಾಹ್ನ, ಅವನು ಬೆಳಗಿನ ಜಾವವೇ ಇಳಿದು ಬಂದು ಮುಟ್ಟಿರಬೇಕಿದ್ದ ಹೊತ್ತಿಗೆ, ಅಮ್ಮ ತೀರಿಕೊಂಡಳು. ಸಿದ್ದಾಪುರದಿಂದ ಸೋದರಮಾವ ಸಿಕ್ಕ ಬಸ್ಸಿಗೇ ಬಂದರು. ಯಲ್ಲಾಪುರಕ್ಕೆ ಒಯ್ದೆವು. ಖಾನಾವಳಿಯ ಮುಂದೆ ಹಳೆಯ ಡ್ರೈವರುಗಳು ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ಹುಡ್ಗ ಯಾವಾಗ ಮುಟ್ತಾನೆ?" ಎಂದು ಮಾವ ಕೇಳಿದರು.

"ಸೋಮವಾರ, ಮಾವ."

"ಅಷ್ಟು ದಿನ ಕಾಯೂಕಾಗುದಿಲ್ಲ ತಂಗಿ. ನೀನೇ ದೊಡ್ಡವಳು. ಬೆಂಕಿ ನೀ ಕೊಡು. ಯಾರಾದ್ರೂ ಎಂತಾದ್ರೂ ಹೇಳಿದ್ರೆ ನಾ ಮಾತಾಡ್ತೆ."

ದೇಹ ಕೆಡದಂತೆ ಇಡುವ ಶೈತ್ಯದ ಪೆಟ್ಟಿಗೆ ತರಿಸಬಹುದಿತ್ತು. ನನ್ನ ಗಂಡ ಅದನ್ನು ಮೆಲ್ಲಗೆ ನೆನಪಿಸಿದರು ಕೂಡ. ನಾನು ಹಟ ಹಿಡಿಯಲಿಲ್ಲ, ಬೆಂಕಿ ನಾನೇ ಕೊಟ್ಟೆ. ಸೋಮವಾರ ಎಂದು ಬಾಯಲ್ಲಿ ಹೇಳಿದ್ದರೂ ಬೇರಿಂಗ್ ಮತ್ತೆ ಬಿಸಿಯಾಗಿ ಇನ್ನೂ ತಡವಾದರೆ ಎಂಬ ಭಯ ಇತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅಮ್ಮನ ಪಕ್ಕದಲ್ಲಿ ಅವನು ಬಂದು ನಿಂತಾಗ ಅವನ ಮುಖ ನೋಡಲಾರೆ ಎಂಬುದೂ ಅದರಲ್ಲಿ ಇತ್ತೇನೋ. ಈಗಲೂ ಸರಿಯಾಗಿ ಗೊತ್ತಿಲ್ಲ.

ತಮ್ಮ ಸೋಮವಾರ ಸಂಜೆ ಯಲ್ಲಾಪುರಕ್ಕೆ ಬಂದ. ಸುದ್ದಿ ಅವನಿಗೆ ಹಡಗಿನಲ್ಲೇ ಮುಟ್ಟಿತ್ತು. ಕಾರಿನಿಂದಿಳಿದು ಚೀಲವನ್ನು ಜಗಲಿಯ ಮೇಲಿಟ್ಟು, "ಊಟ ಆಯ್ತಾ ಅಕ್ಕ?" ಎಂದ. ಅಷ್ಟೇ. ಉತ್ತರಕ್ರಿಯೆಯ ದಿನಕಾರ್ಯಗಳೆಲ್ಲ ಮುಗಿಯುವ ತನಕ ನಾವು ಹಾಲು, ಹೂವು, ಬಂದವರ ಚಹಾ ಬಿಟ್ಟು ಬೇರೆ ಮಾತಾಡಲಿಲ್ಲ.

ಎಲ್ಲ ಮುಗಿದ ಮರುದಿನ ನಾವಿಬ್ಬರೇ ಖಾನಾವಳಿಯ ದೊಡ್ಡ ಪಾತ್ರೆಗಳನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದೆವು. ಅವನು ಅನ್ನದ ತಪ್ಪಲೆ ಉಜ್ಜುತ್ತ, ತಲೆ ಎತ್ತದೆ ಹೇಳಿದ:

"ನಾ ಚೀಫ್‌ಗೆ ಸುಳ್ಳು ಹೇಳ್ದೆ ಅಕ್ಕ. ಪರೀಕ್ಷೆ ಮಾಡಿರ್ಲೇ ಇಲ್ಲ."

"ಗೊತ್ತು."

"ಗೊತ್ತಿದ್ದೇ ಎರಡ್ನೇ ಸಲ ಬರ್ದದ್ದಾ?"

"ಹೌದು."

ಅವನು ತಪ್ಪಲೆಯನ್ನು ಕವುಚಿಟ್ಟ. "ಮೊದಲ್ನೇ ಸಲ ಬರ್ದಾಗ ನಂಗೆ ಸಿಟ್ಟು ಬರ್ಲಿಲ್ಲ. ನಿನ್ನ ಕೆಲಸ ಅದು. ಎರಡ್ನೇ ಸಲ ಓದಿದಾಗ... ಅಮ್ಮನ ಮಂಚದ ಹತ್ರ ಕೂತು ಇದನ್ನು ಬರೀತಾ ಇದ್ದಾಳಲ್ಲ ಅಂತ. ಈ ಜನ್ಮದಲ್ಲಿ ನಿನ್ನ ಮಾತಾಡ್ಸುದಿಲ್ಲ ಅಂದ್ಕೊಂಡೆ."

ನಾನು ಇನ್ನೊಂದು ಪಾತ್ರೆಯನ್ನು ಉಜ್ಜಲು ಎಳೆದುಕೊಂಡೆ.

"ಆಮೇಲೆ ಎಂಜಿನ್ ರೂಮಿಗೆ ಇಳ್ದೆ. ಒಬ್ಬ ಹುಡ್ಗ ನೆಲ ಒರೆಸ್ತಾ ಇದ್ದ. ಮದ್ವೆಯಾಗಿ ಎರಡು ತಿಂಗಳು ಅಷ್ಟೆ. ಸಲಾಮ್ ಸಾಬ್ ಅಂದ. ಅವ್ನಿಗೆ ನಾ ಎಂತ ಮಾಡ್ತಾ ಇದ್ದೆ ಅಂತ ಗೊತ್ತಿಲ್ಲ." ಕೈ ತೊಳೆದುಕೊಳ್ಳುತ್ತ ಕೇಳಿದ, "ಅಮ್ಮ ಕೇಳಿದ್ಲಾ ನನ್ನ?"

"ಕೇಳಿದ್ಲು. ಹತ್ತಿರ ಬಂದ ಅಂದೆ."

ಅವನು ಅಳಲು ಶುರು ಮಾಡಿದ. ನಾನೂ ಅತ್ತೆ. ಕ್ಷಮಿಸು ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲವು ತಿಂಗಳ ನಂತರ ಹಡಗನ್ನು ನೀರು ಬರಿದು ಮಾಡಿ ರಿಪೇರಿ ಮಾಡುವ ಡ್ರೈಡಾಕಿಗೆ ಹಾಕಿ ಬೇರಿಂಗ್ ಬಿಚ್ಚಿದರು. ಸಮುದ್ರದ ನೀರು ಒಳಬರದಂತೆ ತಡೆಯುವ ಸೀಲಿನ ಮೂಲಕವೇ ನೀರು ನುಗ್ಗಿತ್ತು. ಬೇರಿಂಗಿನ ತುದಿಯಲ್ಲಿ ಒಳಪದರದ ಬಿಳಿ ಲೋಹ ಕರಗಿ ಎಳೆದುಕೊಂಡ ಗುರುತು ಇತ್ತು, ಆದರೆ ಸ್ವಲ್ಪವೇ. ನನ್ನ ಎಚ್ಚರಿಕೆ ಸರಿಯಾಗಿತ್ತು ಎಂದು ಕಚೇರಿ ಹೊಗಳಿತು. ಬೇರಿಂಗ್ ನೋಡಿದ ಪರಿಣತರನ್ನು ನಾನು ಫೋನಿನಲ್ಲಿ ಕೇಳಿದೆ, ಅದೇ ವೇಗದಲ್ಲಿ ಹೋಗಿದ್ದರೆ ಬಂದರು ಮುಟ್ಟುತ್ತಿತ್ತೇ? ಅವರು ಯೋಚಿಸಿ ಹೇಳಿದರು, "ಮುಟ್ಟಿದ್ದರೂ ಮುಟ್ಟುತ್ತಿತ್ತು. ಯಾರೂ ಖಚಿತವಾಗಿ ಹೇಳಲಾರರು."

ಆ ಮಾತು ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಪೂರ್ತಿ ಸವೆದಿತ್ತು ಎಂದಿದ್ದರೆ ಅವನನ್ನು ಉಳಿಸಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಏನೂ ಆಗಿರಲಿಲ್ಲ ಎಂದಿದ್ದರೆ ತಪ್ಪು ಮಾಡಿದೆ ಎಂದು ಒಪ್ಪಿಕೊಂಡು ಅಳುತ್ತಿದ್ದೆ.

ನಾನು ಬರೆದ ಕೊನೆಯ ಸಾಲು ಅವನಿಗೆ ಪೆಟ್ಟು ಕೊಟ್ಟಿತು. ಹಡಗಿನಲ್ಲಿ ಮಾಡಿದ ಪರೀಕ್ಷೆ ಯಾರದು ಎಂದು ಕಚೇರಿಯವರು ವಿಚಾರಿಸಿದರು. ಅವನು ನಿಜ ಹೇಳಿದ. ಕೆಲಸ ಹೋಗಲಿಲ್ಲ. ಅಮ್ಮನ ವಿಷಯ ನೋಡಿ ಕನಿಕರ ತೋರಿದರು. ಆದರೆ ಆ ವರ್ಷ ಚೀಫ್ ಆಗಬೇಕಿದ್ದವನು ಆಗಲಿಲ್ಲ. ಈಗಲೂ ಸೆಕೆಂಡ್ ಎಂಜಿನಿಯರನೇ.

ಅವನ ಹಡಗು ಈಗ ಬೇರೆ. ಅದರಲ್ಲಿ ಆ ಬೇರಿಂಗಿಗೆ ಎಣ್ಣೆಯೇ ಇಲ್ಲ, ಸಮುದ್ರದ ನೀರೇ ಸಾಕು. ಸೋರುವ ಭಯವಿಲ್ಲ ಎಂದು ಹೆಮ್ಮೆಯಿಂದ ಹೇಳಿದ. ಆ ಹಡಗು ನನ್ನ ಪಾಲಿಗೆ ಬಂದಾಗ ಬೇರೆಯವರಿಗೆ ಕೊಡಿ ಎಂದು ಕೇಳಿಕೊಂಡೆ. ಕೊಟ್ಟರು. ಅದು ಅವನಿಗೆ ಹೇಗೋ ತಿಳಿಯಿತು. ಮೊನ್ನೆ ಫೋನು ಮಾಡಿದಾಗ ಕೇಳಿದ:

"ನನ್ನ ಹಡಗು ಎಂತಕ್ಕೆ ಬಿಟ್ಟೆ ಅಕ್ಕ? ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಲ್ಲ," ಎಂದೆ.

ಅವನು, ಅಲ್ಲಿ ಈಗ ಊಟಕ್ಕೆ ಕರೆಯುತ್ತಿದ್ದಾರೆ, ನಾಳೆ ಮಾಡುತ್ತೇನೆ ಎಂದು ಫೋನಿಟ್ಟ. ಮಾಡಿದ, ಬೇರೆ ವಿಷಯ ಮಾತಾಡಿದೆವು.