ಹಣೆಯ ಮೇಲಿನ ಅರ್ಧ ಗ್ರಾಂ

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಮೆಟೀರಿಯಲ್ಸ್ ಸೈನ್ಸ್ ವಿಭಾಗದ ಹಿಂದೆ, ಸೈಕಲ್ ಸ್ಟ್ಯಾಂಡಿನ ಪಕ್ಕ, ರುದ್ರಮ್ಮ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಬಾನಿಯ ಮುಚ್ಚಳ ಸರಿಸುತ್ತಾರೆ. ನಿನ್ನೆ ಮಧ್ಯಾಹ್ನ ಹಾಕಿದ ಕಿಚ್ಚು ನಿಧಾನಕ್ಕೆ ಉರಿದು ತಣ್ಣಗಾಗಿದೆ. ಒಂದು ಚಿಟಿಕೆ ಬೂದಿ ತೆಗೆದು ಮುಂಗೈಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಕಪ್ಪಿನ ಸುಳಿವಿಲ್ಲ, ಹಾಲಿನಂಥ ಬಿಳುಪು.

"ಬಾ ನನ್ನಪ್ಪ, ಇವತ್ತು ಮಾನ ಉಳಿಸ್ದೆ," ಎಂದು ಬೂದಿಗೇ ಹೇಳುತ್ತಾರೆ.

ಈ ಕಟ್ಟಡದಲ್ಲಿ ಡಾಕ್ಟರೇಟುಗಳಿಗೇನೂ ಬರವಿಲ್ಲ. ಬಾಗಿಲ ಬಳಿಯ ಫಲಕದಲ್ಲಿ ಹದಿನಾಲ್ಕು ಹೆಸರುಗಳಿವೆ. ಐವತ್ತೆರಡರ ರುದ್ರಮ್ಮನ ಹೆಸರು ಮಾತ್ರ ಗುತ್ತಿಗೆ ಸಿಬ್ಬಂದಿಯ ಹಾಜರಿ ಪುಸ್ತಕದಲ್ಲಿದೆ. ಹೆಡತಲೆ ಎಂಬ ಊರಿನಿಂದ ಹಾಲಿನ ವ್ಯಾನ್ ಹತ್ತಿ ಬರುವ ಅವರು ಎರಡು ಮಹಡಿ ಗುಡಿಸಿ, ಒರೆಸಿ, ದಿನಕ್ಕೆ ನೂರೈವತ್ತು ಗಾಜಿನ ಬೀಕರು ತೊಳೆಯುತ್ತಾರೆ. ಬೂದಿ ಸುಡುವ ಕೆಲಸವನ್ನು ಯಾರೂ ಅವರಿಗೆ ಹಚ್ಚಿದ್ದಲ್ಲ. ಅದು ತಾನಾಗಿ ಬಂದು ಕೈಗೆ ಅಂಟಿಕೊಂಡದ್ದು.

ಅಂಟಿಸಿದವಳು ತಾಂಡವಪುರದ ಹುಡುಗಿ ಮೇಘನಾ. ಭತ್ತದ ಹೊಟ್ಟಿನ ಬೂದಿಯಿಂದ ನ್ಯಾನೊ ಪುಡಿ ಮಾಡಿ, ಅದರಿಂದ ನೀರು ಸೋಸುವುದು ಅವಳ ಪಿಎಚ್‌ಡಿ ವಿಷಯ. ಕೂದಲೆಳೆಯನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟು ದಪ್ಪವೋ, ಪುಡಿಯ ಕಣ ಅಷ್ಟಿರಬೇಕು. ಟಿ. ನರಸೀಪುರದ ಮಿಲ್ಲಿನಿಂದ ಹೊಟ್ಟು ಮೂಟೆ ಮೂಟೆ ಬಂತು. ಆದರೆ ಕರೆಂಟಿನ ಕುಲುಮೆಯಲ್ಲಿ ಹಾಕಿದಾಗಲೆಲ್ಲ ಬೂದಿ ಕಪ್ಪಾಗಿಯೇ ಹೊರಬರುತ್ತಿತ್ತು. ನಾಲ್ಕನೇ ಸಲವೂ ಹಾಗೇ ಆದಾಗ ಹುಡುಗಿ ಕಾರಿಡಾರಿನಲ್ಲಿ ಕೂತು ಅತ್ತುಬಿಟ್ಟಳು. ನೆಲ ಒರೆಸುತ್ತಿದ್ದ ರುದ್ರಮ್ಮ ಕೋಲು ಗೋಡೆಗೆ ಒರಗಿಸಿದರು.

"ಅಳಬ್ಯಾಡ ಕಣವ್ವ. ನಿನ್ ಬೆಂಕಿಗೆ ಬಲೇ ಅವಸರ. ಈ ಭತ್ತದ ಒಟ್ಟಿಗೆ ಅವಸರ ಆಗಾಕಿಲ್ಲ."

ಅವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಗಂಡನ ಮನೆಯದು ವಿಭೂತಿ ಮಾಡುವ ಕಸುಬು. ಸಗಣಿ ಉಂಡೆಗಳನ್ನು ಹೊಟ್ಟಿನ ನಡುವೆ ಹುದುಗಿಸಿ, ಜ್ವಾಲೆ ಏಳದಂತೆ ಕಾಯುತ್ತಾ ಸುಡುವುದನ್ನು ಮಾವ ಗುರುಮಲ್ಲಪ್ಪನವರೇ ಕಲಿಸಿದ್ದರು. ಗಂಡ ಚಿಕ್ಕಬಸಪ್ಪ ತೀರಿಕೊಂಡ ಮೇಲೆ ವಿಭೂತಿ ಸುಡುವ ಗೂಡು ಆರಿತು, ರುದ್ರಮ್ಮ ಪೊರಕೆ ಹಿಡಿದರು. ಅಂದು ಮೇಘನಾಳ ಹೊಟ್ಟನ್ನು ಮೊದಲು ಹುಣಸೆಹುಳಿ ನೀರಿನಲ್ಲಿ ನೆನೆಸಿ, ತೊಳೆದು, ಒಣಗಿಸಿದರು. ಹುಳಿ ಯಾಕೆ ಎಂದು ಕೇಳಿದರೆ, "ಇತ್ತಾಳೆ ಕೊಡ ಬೆಳಗಾಕೆ ಆಕಲ್ವ? ಇದ್ರಾಗೂ ಕೊಳೆ ಇರ್ತದೆ," ಎಂದರು. ಹೊಟ್ಟಿನಲ್ಲಿರುವ ಪೊಟ್ಯಾಸಿಯಂ ಬಿಸಿಗೆ ಕರಗಿ ಮಸಿಯನ್ನು ಒಳಗೇ ಹಿಡಿದಿಡುತ್ತದೆ, ಹುಳಿ ಅದನ್ನು ತೊಳೆದು ಹಾಕುತ್ತದೆ ಎಂದು ಮೇಘನಾ ಆಮೇಲೆ ಪುಸ್ತಕ ತಿರುವಿ ಕಂಡುಕೊಂಡಳು. ಐದು ಕಿಲೋ ಹೊಟ್ಟಿಗೆ ಒಂದು ಕಿಲೋ ಬೂದಿ, ಬಿಳಿ ಅಂದರೆ ಬಿಳಿ!

ಮೊದಲ ಸಲ ಒಂದು ಎಡವಟ್ಟೂ ಆಯಿತು. ಬಾನಿಯಿಂದ ತಟ್ಟೆಗೆ ತೂಗಿಟ್ಟಿದ್ದ ಬೂದಿಯಲ್ಲಿ ಅರ್ಧ ಗ್ರಾಂ ಕಮ್ಮಿ. ಮೇಘನಾ ತಕ್ಕಡಿಯನ್ನು ಬೈದಳು, ಕಿಟಕಿ ಮುಚ್ಚಿದಳು, ಮತ್ತೆ ಮತ್ತೆ ತೂಗಿದಳು. ಕೊನೆಗೆ ತಲೆಯೆತ್ತಿ ನೋಡಿದರೆ ಅರ್ಧ ಗ್ರಾಂ ರುದ್ರಮ್ಮನ ಹಣೆಯ ಮೇಲೆ ಮೂರು ಗೆರೆಯಾಗಿ ಕೂತಿತ್ತು. "ಒಳ್ಳೆ ಬೂದಿ ಬಂದ್ರೆ ಮೊದ್ಲು ಅಣೆಗೆ. ಕೈ ತಾನಾಗೇ ಓಯ್ತು ಮಗಾ," ಎಂದು ನಾಲಿಗೆ ಕಚ್ಚಿಕೊಂಡರಂತೆ. ವಿಭಾಗದಲ್ಲಿ ಇವತ್ತಿಗೂ ಯಾವ ತೂಕ ತಪ್ಪಿದರೂ ಮೊದಲು ರುದ್ರಮ್ಮನ ಹಣೆ ನೋಡುತ್ತಾರೆ.

ಆದರೆ ಅದೇ ಹಣೆ ಒಂದು ಬಾಗಿಲಿಗೆ ಅಡ್ಡ ನಿಂತಿದೆ. ಬೂದಿಯ ಕಣಗಳನ್ನು ಲಕ್ಷ ಪಟ್ಟು ದೊಡ್ಡದು ಮಾಡಿ ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೋಣೆಗೆ ಪೌಡರು, ಕುಂಕುಮ, ವಿಭೂತಿ ಒರೆಸಿಕೊಂಡೇ ಹೋಗಬೇಕು. ಯಂತ್ರ ನಡೆಸುವ ಹೇಮಲತಾ ಕಟ್ಟುನಿಟ್ಟಿನವರು, ಕೆಟ್ಟವರಲ್ಲ. "ಹಣೆಯ ಬೂದಿ ಹಾರಿ ಸ್ಯಾಂಪಲ್ ಮೇಲೆ ಬಿದ್ರೆ ಯಾವುದು ಯಾವುದು ಅಂತ ಹೇಗೆ ಹೇಳ್ಲಿ?" ಎನ್ನುತ್ತಾರೆ. ಮಾತು ಸರಿಯೇ. ಎರಡು ವರ್ಷದಿಂದ ರುದ್ರಮ್ಮ ಬೂದಿಯನ್ನು ಆ ಬಾಗಿಲವರೆಗೆ ತಂದು, ಕೊಟ್ಟು, ವಾಪಸ್ಸಾಗುತ್ತಾರೆ. ಮೇಘನಾ ಫೋನಿನಲ್ಲಿ ಚಿತ್ರ ತೋರಿಸಿದ್ದಾಳೆ. "ನಾನೇ ಎತ್ತ ಮಗೀನ ಫೋಟೋದಾಗೆ ನೋಡ್ದಂಗೆ," ಎಂದು ಅವರು ನಕ್ಕುಬಿಟ್ಟಿದ್ದಾರೆ.

ಒರೆಸಿದರೆ ಆಯಿತಲ್ಲ ಎನ್ನಬಹುದು. "ನಮ್ಮನೇವ್ರು ತೀರ್ಕಂಡಾಗ ಕುಂಕುಮ ಅಳಿಸಿದ್ರು, ಬಳೆ ಒಡೆದ್ರು," ಎನ್ನುತ್ತಾರೆ ರುದ್ರಮ್ಮ. "ಈಬೂತಿ ಮಾತ್ರ ಯಾರೂ ಮುಟ್ಟಲಿಲ್ಲ. ಅವ್ರ ಮನೇದು ಅಂತ ನನ್ ಮೈಮೇಲೆ ಉಳಿದಿರೋದು ಇದೊಂದೇ ಕಣ್ರೀ."

ಇಂದು ಮೇಘನಾಳ ಕೊನೆಯ ಸ್ಯಾಂಪಲ್. ಇನ್ನು ಅವಳು ಪ್ರಬಂಧ ಬರೆಯಲು ಕೂರುತ್ತಾಳೆ, ಬೂದಿಗೆ ಆ ಕೋಣೆಯಲ್ಲಿ ಕೆಲಸವಿಲ್ಲ. ನೋಡುವುದಿದ್ದರೆ ಇಂದೇ ನೋಡಬೇಕು. ಹತ್ತೂವರೆಗೆ, ತೊಳೆದು ಅರೆದ ಬೂದಿಯ ಸೀಸೆ ಹಿಡಿದು ರುದ್ರಮ್ಮ ಬಾಗಿಲಿಗೆ ಬರುತ್ತಾರೆ. ಸೀಸೆ ಕೊಡುತ್ತಾರೆ. ವಾಪಸ್ಸು ಹೊರಡುವುದಿಲ್ಲ.

"ಅಮ್ಮ, ಬಲವಂತ ಇಲ್ಲ," ಎನ್ನುತ್ತಾಳೆ ಮೇಘನಾ, ಮೆಲ್ಲಗೆ.

ರುದ್ರಮ್ಮ ಸೆರಗಿನ ತುದಿಯನ್ನು ನಲ್ಲಿಗೆ ಹಿಡಿದು ಒದ್ದೆ ಮಾಡಿಕೊಳ್ಳುತ್ತಾರೆ. ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಒರೆಸುತ್ತಾರೆ. ಬಿಸಿಲು ಕಾಣದ ಮೂರು ಗೆರೆ ಅಲ್ಲಿ ತಿಳಿಯಾಗಿ ಹಾಗೇ ಉಳಿದಿವೆ. ಹೇಮಲತಾ ತಾವೇ ಅವರಿಗೆ ಬಿಳಿ ಕೋಟು ತೊಡಿಸಿ ಗುಂಡಿ ಹಾಕುತ್ತಾರೆ.

ಒಳಗೆ ಪರದೆಯ ಮೇಲೆ ಬೂದು ಬಣ್ಣದ ಮೋಡ ಮೂಡಿ, ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಸಬ್ಬಕ್ಕಿ ಹರಡಿದಂತೆ ದುಂಡು ದುಂಡಗಿನ ಕಣಗಳು, ಎಲ್ಲವೂ ಹೆಚ್ಚೂಕಮ್ಮಿ ಒಂದೇ ಅಳತೆ. ಹಿಂದಿನ ಎರಡು ಸ್ಯಾಂಪಲ್‌ಗಳಿಗೆ ಸರಿಯಾಗಿ ಹೊಂದುತ್ತವೆ. ಮೇಘನಾ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ರುದ್ರಮ್ಮ ಪರದೆಯ ಹತ್ತಿರಕ್ಕೆ ಬಗ್ಗಿ, ಬಹಳ ಹೊತ್ತು ನೋಡುತ್ತಾರೆ.

"ಇಷ್ಟು ವರ್ಸ ಅಣೆ ಮೇಲೆ ಇಟ್ಕಂಡಿದ್ದೆ," ಎನ್ನುತ್ತಾರೆ. "ಮುಖ ನೋಡಿರ್ಲಿಲ್ಲ."

ಹೊರಗೆ ಬಂದ ಮೇಲೆ ಕೋಟು ಬಿಚ್ಚಿ ಮಡಚಿಡುತ್ತಾರೆ. ತೊಳೆಯಲು ಬೀಕರುಗಳು ಕಾದಿವೆ. ಬರಿಹಣೆಯಲ್ಲಿ ಅವರು ಯಾರೋ ಅನ್ನಿಸುತ್ತಾರೆ. ಮೇಘನಾ ಅವರ ಕೈ ಹಿಡಿದು ನಿಲ್ಲಿಸುತ್ತಾಳೆ. ಸೀಸೆಯಲ್ಲಿ ಉಳಿದ ಪುಡಿಯನ್ನು ಅಂಗೈಗೆ ಸುರಿದುಕೊಂಡು, ಮೂರು ಬೆರಳು ಅದ್ದಿ, ಆ ಮೂರು ಗೆರೆಗಳ ಮೇಲೇ ಎಳೆಯುತ್ತಾಳೆ. ಇಬ್ಬರ ಕಣ್ಣೂ ತುಂಬಿವೆ. ಮೊದಲು ಸಾವರಿಸಿಕೊಂಡವರು ರುದ್ರಮ್ಮ.

"ಅರ್ಧ ಗ್ರಾಂ ಕಮ್ಮಿ ಬತ್ತದೆ, ಬರ್ಕೊಳವ್ವ," ಎಂದು ಕಣ್ಣೊರೆಸಿಕೊಳ್ಳುತ್ತಾರೆ. "ಆಮೇಲೆ ಹುಡುಕ್ತಾ ಕೂತೀಯ."