ಎಡಗಾಲಿನ ಕೆಲಸ

ಮಕ್ತಲ್‌ನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಅಣ್ಣ ಮೂರು ವರ್ಷ ಒಂದೇ ಹಳೆಯ ಕಾರಿನ ಎಂಜಿನ್ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಓಟಕ್ಕೆ ತಯಾರು ಮಾಡಿದ. ಟ್ರ್ಯಾಕಿಗೆ ಒಯ್ಯುವ ಮೊದಲೇ ಅವನಿಗೆ ಲಕ್ವ ಹೊಡೆಯಿತು. ಕೈ ತಿರುಗಿ ಬಂತು, ಮಾತೂ ಬಂತು. ಕ್ಲಚ್ ತುಳಿಯಬೇಕಾದ ಎಡಗಾಲು ಬರಲಿಲ್ಲ.

ಅವನಿಗೆ ಬೇಕಿದ್ದದ್ದು ಒಂದೇ: ಆ ಕಾರು ಒಮ್ಮೆಯಾದರೂ ನಾನೂರು ಮೀಟರು ಪೂರ್ತಿ ಬಲದಿಂದ ಓಡಬೇಕು. ನಾರಾಯಣಪೇಟೆಯಲ್ಲಿ ಸೀರೆ ನೇಯುವ ತಂಗಿಯಾದ ನನ್ನನ್ನು ಕರೆಸಿದ. ಕಾರು ಓಡಿಸುವುದನ್ನು ನನಗೆ ಕಲಿಸಿದ್ದವನೂ ಅವನೇ.

"ನಾನ್ಯಾಕ ಅಣ್ಣಾ? ಗ್ಯಾರೇಜಿನಾಗ ಯಾರೂ ಇಲ್ಲೇನು?"

"ಅವರಿಗೆ ಕೈ ಅದಾವ, ಕಾಲಿಲ್ಲ. ನೀ ಮಗ್ಗದಾಗ ಕುಂತು ಇಪ್ಪತ್ತು ವರ್ಷ ಎರಡೂ ಕಾಲು ಬ್ಯಾರೆ ಬ್ಯಾರೆ ಆಡಿಸೀದಿ. ಅದನ್ನ ಕಲಿಸಾಕ ನನ್ನಿಂದ ಆಗಂಗಿಲ್ಲ."

ಟ್ರ್ಯಾಕು ಗದ್ವಾಲದ ಆಚೆ, ಯಾರದೋ ಜಮೀನಿನಲ್ಲಿ ಹಾಕಿದ ನೆಟ್ಟನೆಯ ಡಾಂಬರು ಪಟ್ಟಿ. ಜೂರಾಲ ಅಣೆಕಟ್ಟೆ ದಾಟಿ ಹೋಗಿ ಕಲಿಯುತ್ತಿದ್ದೆವು. ಆರು ಸಲ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ, ನಾಲ್ಕೇ ಇರಬಹುದು. ಕ್ಲಚ್ ಒಮ್ಮೆಲೇ ಬಿಟ್ಟರೆ ಚಕ್ರ ನಿಂತಲ್ಲೇ ತಿರುಗಿ ಹೊಗೆ ಏಳುತ್ತಿತ್ತು. ತಡವಾಗಿ ಬಿಟ್ಟರೆ ಸುಟ್ಟ ವಾಸನೆ. ಪಕ್ಕದ ಸೀಟಿನಲ್ಲಿ ಅಣ್ಣ.

"ಏ ಬೇ, ಬಸುರಿನ್ನ ದವಾಖಾನಿಗೆ ಒಯ್ಯಾಕತ್ತೀಯೇನು? ಎಂಜಿನ್ ಚೀರಲಿ. ಚೀರಿದ ಮ್ಯಾಲೆ ಗೇರ್ ಹಾಕು."

ಕಲಿತೆ. ಕಾಲುಗಳು ಕಲಿತವು ಎನ್ನುವುದೇ ಸರಿ.

ಕೊನೆಯ ಭಾನುವಾರ ಬಂತು. ಮರುವಾರದಿಂದ ಆ ಜಮೀನಿನಲ್ಲಿ ಪ್ಲಾಟು ಹಾಕುವವರಿದ್ದರು. ಸಾಲು ಉದ್ದವಿದ್ದುದರಿಂದ ಒಬ್ಬರಿಗೆ ಒಂದೇ ಓಟ, ಕಾರಿನಲ್ಲಿ ಒಬ್ಬರೇ. ಅಣ್ಣ ಕೋಲು ಊರಿ ಬೇಲಿಯ ಬಳಿ ನಿಂತ.

"ಅಕ್ಕಾ, ನಿಮ್ಮಳಂಗ!" ಮೆಲ್ಲಗೆ ಹೋಗಕ್ಕ ಎಂದು ಯಾರೋ ತೆಲುಗಿನಲ್ಲಿ ಕೂಗಿ ಜನರನ್ನು ನಗಿಸಿದರು.

"ಮೆಲ್ಲಕ ಹೋಗೂದು ನಿಮ್ಮಪ್ಪನ ಬಂಡಿ!" ಅಣ್ಣನ ದನಿ ನನಗೆ ಕೇಳಿಸಿತು. ಹೆಲ್ಮೆಟ್ಟಿನೊಳಗೆ, ಎಂಜಿನ್ ಸದ್ದಿನಲ್ಲಿ ಹೇಗೆ ಕೇಳಿಸಿತು? ಗೊತ್ತಿಲ್ಲ.

ಹಸಿರು ದೀಪ. ಕ್ಲಚ್ ಬಿಟ್ಟೆ. ಕಾರು ಬೆನ್ನಿಗೆ ಗುದ್ದಿ ಹೊರಟಿತು. ಎರಡನೆಯ ಗೇರ್. ಚೀರಲು ಬಿಟ್ಟೆ. ಮೂರನೆಯದು. ಪಕ್ಕದ ಕಾರು ಹಿಂದಿತ್ತು. ಅಷ್ಟರಲ್ಲಿ ಕೆಳಗೆಲ್ಲೋ 'ಟಕ್' ಎಂದಿತು.

ನನ್ನ ಎರಡೂ ಕಾಲು ಮೇಲೆದ್ದವು.

ಮಗ್ಗದಲ್ಲಿ ಎಳೆ ಹರಿದ ಸದ್ದಾದರೆ ಕಾಲು ನಿಲ್ಲಬೇಕು, ಇಲ್ಲವಾದರೆ ಬಟ್ಟೆ ಕೆಡುತ್ತದೆ. ಯೋಚಿಸಿ ನಿಲ್ಲಿಸುವುದಲ್ಲ ಅದು. ಇಲ್ಲಿ ಸದ್ದು ಮಾಡಿದ್ದು ಚಕ್ರದಿಂದ ಸಿಡಿದು ಕಾರಿನ ಅಡಿಗೆ ಬಡಿದ ಒಂದು ಹರಳುಕಲ್ಲು. ಮತ್ತೆ ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ವೇಗ ಹೋಗಿತ್ತು. ಉಳಿದ ದಾರಿಯನ್ನು ಸಂತೆಗೆ ಹೋಗುವವಳಂತೆ ಮುಗಿಸಿದೆ.

ಇದನ್ನು ಹೇಳುವಾಗಲೆಲ್ಲ ಅಣ್ಣ ನಕ್ಕುಬಿಟ್ಟ ಎಂದು ಸೇರಿಸುತ್ತೇನೆ. ಅವನು ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ಕಲ್ಲಿನ ನೆಪ ತೆಗೆಯುತ್ತಿದ್ದೆ.

ಸಂಜೆ ಜನ ಚದುರಿದ ಮೇಲೆ, "ನನ್ನ ಕುಂಡ್ರಸು," ಎಂದ. ಸ್ಟೀರಿಂಗಿನ ಮುಂದೆ ಕೂರಿಸಿದೆ. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಕ್ಲಚ್ಚಿನ ಮೇಲಿಟ್ಟ. ಕಾಲು ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು.

"ನೀ ಒತ್ತು."

ತೆರೆದ ಬಾಗಿಲ ಬಳಿ ಮಂಡಿಯೂರಿ, ಒಳಗೆ ಬಗ್ಗಿ, ಎರಡೂ ಅಂಗೈಯಿಂದ ಕ್ಲಚ್ ಒತ್ತಿ ಹಿಡಿದೆ. ಎಂಜಿನ್ ಬಂದ್ ಆಗಿತ್ತು. ಅಣ್ಣ ಒಂದನೆಯ ಗೇರ್ ಹಾಕಿದ. ಎರಡು. ಮೂರು. ಅವಸರವಿಲ್ಲದೆ, ಪ್ರತಿಯೊಂದಕ್ಕೂ ಎಷ್ಟು ಹೊತ್ತು ಬೇಕೋ ಅಷ್ಟು ಕೊಟ್ಟು, ನಾಲ್ಕು. ಅವನ ಮುಖ ನನಗೆ ಕಾಣುತ್ತಿರಲಿಲ್ಲ.

"ಸಾಕು, ಬಿಡು," ಎಂದ.

ಈ ಸಲ ಅಂಗೈಗಳನ್ನು ಇನ್ನೂ ಬಲವಾಗಿ ಊರಿದೆ. ಬಿಡಲಿಲ್ಲ.