ಸಿಗ್ನಲ್‌ನಲ್ಲಿ ಮಾತ್ರ ಸುಮ್ಮನಿರುವ ಕಾರು

ಕಳೆದ ಭಾನುವಾರ ಬೆಳಿಗ್ಗೆ, ಕೆಂಪು ಸಿಗ್ನಲ್ ಬೀಳಲಿ ಎಂದು ದೇವರನ್ನು ಬೇಡಿಕೊಂಡೆ. ಅದೂ ಚೆನ್ನೈನಲ್ಲಿ. ಅದೂ ಮೇ ತಿಂಗಳಲ್ಲಿ. ಅದೂ ದೇವರ ಬಗ್ಗೆ ಇನ್ನೂ ತೀರ್ಮಾನಕ್ಕೆ ಬಂದಿರದ ನಾನು!

ಸಿಗ್ನಲ್ ಬಿತ್ತು. ತೊಂಬತ್ತು ಸೆಕೆಂಡ್. ತಕ್ಷಣ ಎಸಿ ಆರಿಸಿದೆ. ಗಾಜು ಏರಿಸಿಕೊಂಡು ಬೆವರುತ್ತ ಕೂತ ಮೂವರನ್ನು ಪಕ್ಕದ ಆಟೋದವನು ಕನಿಕರದಿಂದ ನೋಡಿದ. ಎಸಿ ಕೆಟ್ಟಿದೆಯಾ ಎಂದು ಕೈಸನ್ನೆಯಲ್ಲೇ ಕೇಳಿದ.

“ರೀ, ನಾನಿಲ್ಲಿ ಇಡ್ಲಿ ಥರ ಬೇಯ್ತಾ ಇದೀನಿ,” ಎಂದಳು ಹಿಂದಿನ ಸೀಟಿನಿಂದ ನನ್ನ ಹೆಂಡತಿ ವಸುಧಾ.

“ಒಂದ್ನಿಮಿಷ ಇರೆ. ಅಮ್ಮ ಮಾತಾಡ್ತಾಳೆ.”

ಹುಚ್ಚು ಎನ್ನಿಸಿತೇ? ಸ್ವಲ್ಪ ಹಿಂದಕ್ಕೆ ಹೋಗೋಣ.

ಅಮ್ಮನಿಗೆ ಎಂಬತ್ತೆರಡು. ಕಿವಿಗೆ ಮೆಷಿನ್ ಇದೆ. ಮೈಸೂರು ಬಿಟ್ಟು ನಮ್ಮ ಜೊತೆ ವೆಸ್ಟ್ ಮಾಂಬಲಂಗೆ ಬಂದು ಆರು ವರ್ಷವಾಯಿತು. ಫ್ಲ್ಯಾಟಿನಲ್ಲಿ ಅವಳು ಹೆಚ್ಚು ಮಾತಾಡುವುದಿಲ್ಲ. ಕುಕ್ಕರು, ಮಿಕ್ಸಿ, ಎದುರು ಸೈಟಿನಲ್ಲಿ ಮುಗಿಯದ ಕಟ್ಟಡ, ಎಲ್ಲದರ ಸದ್ದೂ ಮೆಷಿನ್ನಿನೊಳಗೆ. ಅವಳಿಗೆ ಹಳೆಯದು ನೆನಪಾಗುವುದು ಕಾರಿನ ಕಿಟಕಿಯಲ್ಲಿ ಊರು ಹಿಂದೆ ಸರಿಯುವಾಗ. ಭಾನುವಾರ ಟ್ರಿಪ್ಲಿಕೇನ್‌ನ ದೇವಸ್ಥಾನಕ್ಕೆ ಹೋಗಿಬರುವ ದಾರಿಯೇ ಅವಳ ಮಾತಿನ ಹೊತ್ತು. ಆದರೆ ನಮ್ಮ ಹಳೆಯ ಡೀಸೆಲ್ ಕಾರು ಸ್ಟಾರ್ಟ್ ಆದರೆ ಮೆಷಿನ್ ಪೂರ್ತಿ ಇಂಜಿನ್ನಿನ ಸದ್ದು. “ತಲೆಯೊಳಗೆ ಗಿರಣಿ ಓಡಿದ ಹಾಗಾಗತ್ತೆ ಕಣೋ,” ಎಂದು ಅದನ್ನು ಕಿತ್ತು ಪುಟ್ಟ ಡಬ್ಬಿಗೆ ಹಾಕಿಬಿಡುತ್ತಿದ್ದಳು. ಆಮೇಲೆ ನಾನು ಕೂಗಿದರೂ ಅವಳಿಗೆ ಕೇಳದು, ಅವಳೂ ಬಾಯಿ ತೆರೆಯಳು.

ಅದಕ್ಕೇ ಇಂಜಿನ್ ಜೊತೆ ಬ್ಯಾಟರಿಯೂ ಇರುವ ಹೈಬ್ರಿಡ್ ಕಾರು ಹುಡುಕಿದ್ದು. ಜನ ಮೈಲೇಜಿಗೆ ಹೈಬ್ರಿಡ್ ಕೊಳ್ಳುತ್ತಾರೆ, ಪರಿಸರಕ್ಕೆ ಕೊಳ್ಳುತ್ತಾರೆ, ಪಕ್ಕದ ಮನೆಯವರು ನೋಡಲಿ ಎಂದು ಕೊಳ್ಳುತ್ತಾರೆ. ನನಗೆ ಬೇಕಾಗಿದ್ದು ಸದ್ದಿಲ್ಲದ ಅರ್ಧ ಗಂಟೆ. ಕರಪತ್ರದಲ್ಲಿ ಅದೇ ಇತ್ತಲ್ಲ? ಮರಗಳ ಸಾಲು, ಖಾಲಿ ರಸ್ತೆ, ಹೊಗೆಯ ಬದಲು ಹಸಿರು ಎಲೆ.

ಟೆಸ್ಟ್ ಡ್ರೈವಿಗೆ ಪಲ್ಲಾವರಂ ಹತ್ತಿರದ ಶೋರೂಮಿಗೆ ಅಮ್ಮನನ್ನೂ ವಸುಧಾಳನ್ನೂ ಕರೆದುಕೊಂಡು ಹೋದೆ. ನನ್ನ ನೆನಪಿನಲ್ಲಿ ಆ ಕಾರು ನೀರಿನ ಮೇಲೆ ಜಾರಿದಂತೆ ಓಡಿತು. ಅಮ್ಮ ಮೆಷಿನ್ ಕೀಳಲಿಲ್ಲ. ನನ್ನ ಕಡೆ ತಿರುಗಿ, “ಇದು ಸ್ಟಾರ್ಟ್ ಆಗಿದೆಯೇನೋ?” ಎಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇ? ಸೇಲ್ಸ್‌ಮನ್‌ಗೆ ಒಂದೇ ಪ್ರಶ್ನೆ ಕೇಳಿದೆ. “ಇದು ಹೈಬ್ರಿಡ್ ತಾನೇ?”

“ಹೈಬ್ರಿಡ್ ತಾನ್ ಸಾರ್! ಹಿಂದೆ ಬ್ಯಾಡ್ಜೇ ಇದೆ ಪಾರುಂಗ, ನೋಡಿ.”

ಅಲ್ಲೇ ಬುಕ್ ಮಾಡಿದೆ. ವಿಶ್ವವಿದ್ಯಾಲಯದಲ್ಲಿ ಓದಿದ ಪಾಪಕ್ಕೆ ಟೊಮೆಟೊ ಕೊಳ್ಳುವಾಗಲೂ ಸಾಕ್ಷಿ ಕೇಳುವವನು, ಕಾರು ಕೊಳ್ಳುವಾಗ ತಾಯಿಯ ಒಂದು ಮಾತಿಗೆ ಸಹಿ ಹಾಕಿದೆ.

ಡೆಲಿವರಿ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿತು. ಇಂಜಿನ್ ಗುರ್ ಎಂದಿತು. ಗೇಟು ದಾಟಿದರೂ ಗುರ್. ಮನೆ ತಲುಪಿದರೂ ಗುರ್. ಅಮ್ಮ ಡಬ್ಬಿ ತೆಗೆದಳು.

ಸೇಲ್ಸ್‌ಮನ್‌ಗೆ ಫೋನ್ ಮಾಡಿದೆ. ಆತ ಬಲು ವಿನಯವಂತ. ಪಾಠ ಹೇಳಿದಂತೆ ಹೇಳಿದ. ಫುಲ್ ಹೈಬ್ರಿಡ್‌ನಲ್ಲಿ ನಿಧಾನವಾಗಿ ಹೋಗುವಾಗ ಬ್ಯಾಟರಿಯೇ ಕಾರನ್ನು ಎಳೆಯುತ್ತದಂತೆ, ಇಂಜಿನ್ ಮಲಗಿರುತ್ತದಂತೆ. ನಮ್ಮದು ಮೈಲ್ಡ್. ಇದರಲ್ಲಿ ಬ್ಯಾಟರಿ ಇಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತದೆ, ಅಷ್ಟೆ. ಕಾರು ನಿಂತಾಗ ಮಾತ್ರ ಇಂಜಿನ್ ಆಫ್.

“ಅವತ್ತು ಸದ್ದಿಲ್ಲದೆ ಓಡಿತಲ್ಲಪ್ಪ?”

“ಸಾರ್, ಅವತ್ತು ಅಮ್ಮ ಕೇಳಿದಾಗ ನಾವು ಸಿಗ್ನಲ್‌ನಲ್ಲಿ ನಿಂತಿದ್ದೆವು ಸಾರ್.”

ವಸುಧಾಳನ್ನು ಕೇಳಿದೆ. “ಹೌದು ರೀ, ನಿಂತೇ ಇತ್ತು. ಸ್ಟಾರ್ಟ್ ಆಗಿದೆಯಾ ಅಂತ ಅತ್ತೆ ನಿಜವಾಗ್ಲೂ ಕೇಳಿದ್ರು. ನೀವು ಹೊಗಳಿಕೆ ಅಂದ್ಕೊಂಡ್ರಿ.”

ಅವನೂ ಸುಳ್ಳು ಹೇಳಿಲ್ಲ, ಅಮ್ಮನೂ ಹೇಳಿಲ್ಲ. ನಿಂತ ಕಾರನ್ನು ಓಡಿಸಿದ್ದು ನನ್ನ ನೆನಪು. (ಕಂಪನಿಯೂ ಬ್ಯಾಡ್ಜಿನ ಮೇಲೆ ‘ಮೈಲ್ಡ್’ ಎಂದು ಬರೆಯಲಿಲ್ಲ ಅನ್ನಿ. ಬರೆದರೆ ಯಾರು ಕೊಳ್ಳುತ್ತಾರೆ?)

ಹಾಗಾಗಿ ನಮ್ಮ ಮನೆಯಲ್ಲೊಂದು ಹೊಸ ಪದ್ಧತಿ ಶುರುವಾಯಿತು. ಸಿಗ್ನಲ್ ಬಿದ್ದರೆ ಎಸಿ ಬಂದ್, ಹೊರಗಿನ ಗದ್ದಲ ಬಾರದಂತೆ ಗಾಜೂ ಬಂದ್. ಎಸಿ ಇದ್ದರೆ ಈ ಊರಿನ ಸೆಕೆಗೆ ಇಂಜಿನ್ ಹತ್ತು ಸೆಕೆಂಡಿಗೆಲ್ಲ ತಾನೇ ಎದ್ದುಬಿಡುತ್ತದೆ. ಬಂದ್ ಮಾಡಿದರೆ ಹಸಿರು ಬೀಳುವ ತನಕ ನಿಶ್ಶಬ್ದ. ನಾನು ಅಮ್ಮನ ಮೊಣಕೈ ಮುಟ್ಟುತ್ತೇನೆ, ಅವಳು ಮೆಷಿನ್ ಹಾಕಿಕೊಳ್ಳುತ್ತಾಳೆ. ಹೀಗೆ ಕಂತುಗಳಲ್ಲಿ ಎಷ್ಟು ಕೇಳಿದೆ ಗೊತ್ತೇ? ಅವಳು ಸೈಕಲ್ ಕಲಿತ ಕಥೆಗೆ ನಾಲ್ಕು ಸಿಗ್ನಲ್ ಹಿಡಿಯಿತು.

ಕಳೆದ ಭಾನುವಾರ ಆ ತೊಂಬತ್ತು ಸೆಕೆಂಡಿನ ಸಿಗ್ನಲ್‌ನಲ್ಲಿ ಇನ್ನೊಂದು ಪಕ್ಕಕ್ಕೆ ಒಂದು ಹಳೆಯ ಸ್ಕೂಟರ್ ನಿಂತಿತ್ತು. ಹಿಂದೆ ಕೂತ ಹೆಂಗಸು ಓಡಿಸುವವನ ಭುಜ ಹಿಡಿದಿದ್ದಳು. ಅಮ್ಮ ಅದನ್ನೇ ನೋಡುತ್ತ, “ನಿಮ್ಮಪ್ಪ ಸ್ಕೂಟರ್ ಓಡಿಸ್ತಾ ಹಾಡೋರು ಕಣೋ,” ಎಂದಳು.

“ಅಪ್ಪನಾ?”

ನಾನು ಬಲ್ಲ ಅಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ರೇಡಿಯೋದಲ್ಲಿ ಹಾಡು ಬಂದರೆ ವಾರ್ತೆಗೆ ತಿರುಗಿಸುತ್ತಿದ್ದರು. (ತಿರುಗಿಸುತ್ತಿದ್ದುದು ಅಪ್ಪನೋ, ತಾತನೋ? ನಿಂತ ಕಾರನ್ನು ಓಡಿಸಿದ ತಲೆಯನ್ನು ಎಷ್ಟು ನಂಬುವುದು?) ಅವರು ಹೋಗಿ ಹದಿನೇಳು ವರ್ಷ. ಅವರ ದನಿ ಹೇಗಿತ್ತೆಂದು ನೆನೆಸಿಕೊಳ್ಳಲು ಹೋದರೆ ಈಚೆಗೆ ನನ್ನದೇ ದನಿ ಕೇಳಿಸುತ್ತದೆ.

“ಇಂಜಿನ್ ಸದ್ದಲ್ಲಿ ಯಾರ್ಗೂ ಕೇಳ್ಸಲ್ಲ ಅಂತ ಅಂದ್ಕೊಂಡಿದ್ರು,” ಅಮ್ಮ ನಕ್ಕಳು. “ಬೆನ್ನಿಗೆ ಕಿವಿ ಇಟ್ಕೊಂಡು ಕೂತಿರೋಳಿಗೆ ಕೇಳ್ಸದೇ ಇರತ್ತಾ? ಗಾಡಿ ನಿಂತ್ರೆ ಹಾಡೂ ನಿಲ್ಸೋರು. ನಾನೂ ಕೇಳ್ತು ಅಂತ ಒಂದು ದಿನಾನೂ ಹೇಳ್ಲಿಲ್ಲ. ಹೇಳಿದ್ರೆ ನಾಚ್ಕೊಂಡು ಹಾಡೋದೇ ಬಿಟ್ಬಿಡೋರು.”

“ಯಾವ ಹಾಡಮ್ಮ?”

“ದಿನಾ ಒಂದೇ ಹಾಡು ಕಣೋ. ಅದು…”

ಹಸಿರು. ಹಿಂದಿದ್ದ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ಕಾಲು ಬ್ರೇಕಿನಿಂದ ತಾನಾಗಿ ಎದ್ದಿತು. ಗುರ್. ಅಮ್ಮನ ತುಟಿ ಅಲುಗಿತು, ನನಗೇನೂ ಕೇಳಿಸಲಿಲ್ಲ. ಅವಳು ಮೆಷಿನ್ ಕಿತ್ತು ಡಬ್ಬಿ ಮುಚ್ಚಿದಳು.

(ಪಕ್ಕಕ್ಕೆ ನಿಲ್ಲಿಸಬಾರದಿತ್ತೇ ಎನ್ನುತ್ತೀರಿ. ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿದೆ. ಮೆಷಿನ್ ಹಾಕಿಸಿದೆ. “ಏನಾಯ್ತೋ, ಪಂಕ್ಚರಾ?” ಎಂದಳು ಗಾಬರಿಯಿಂದ. ಹಾಡು ಎಂದೆ. “ಯಾವ ಹಾಡು?” ಎಂದಳು.)

ಅಂದು ಅಲ್ಲಿಂದಾಚೆ ಎಲ್ಲ ಸಿಗ್ನಲ್ಲೂ ಹಸಿರೇ. ಮನೆಯಲ್ಲಿ ಕೇಳಿದರೆ, “ನಿಮ್ಮಪ್ಪ ಹಾಡ್ತಿದ್ರಾ? ನಾನು ಹೇಳಿದ್ನಾ?” ಎನ್ನುತ್ತಾಳೆ. ಹೇಳಿದ್ದಳು. ಈ ಸಲ ವಸುಧಾಳೂ ಕೇಳಿಸಿಕೊಂಡಿದ್ದಾಳೆ. ವಾರವೆಲ್ಲ ಗೊತ್ತಿರುವ ಹಳೆಯ ಹಾಡುಗಳನ್ನು ಒಂದೊಂದಾಗಿ ಅಮ್ಮನ ಮುಂದೆ ಗುನುಗಿದೆ. ಎಲ್ಲಕ್ಕೂ ತಲೆದೂಗುತ್ತಾಳೆ, “ಚೆನ್ನಾಗಿದೆ,” ಎನ್ನುತ್ತಾಳೆ.

ನಿನ್ನೆ ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬಂತು. ಒಬ್ಬ ಹುಡುಗಿ. “ಸಾರ್, ವಂಡಿ ಬಗ್ಗೆ ಏನಾದರೂ ಕಂಪ್ಲೇಂಟಾ?”

“ಇನ್ನು ಹತ್ತು ಸೆಕೆಂಡ್ ಸಿಕ್ಕಿದ್ದರೆ ಸಾಕಿತ್ತಮ್ಮ,” ಎಂದೆ.

“ಪಿಕಪ್ ಪ್ರಾಬ್ಲಮಾ ಸಾರ್?”

ಅಲ್ಲ ಎಂದೆ. ಹಾಗಾದರೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ ಎಂದಳು. ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟಿದ್ದೇನೆ.

ಒಂದು ಹಾಡಿನ ಹೆಸರು ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನಿರಲಾರದ ಕಾರಿಗೆ ನೀವಾಗಿದ್ದರೆ ಎಷ್ಟು ಕೊಡುತ್ತಿದ್ದಿರಿ?